ಜಪಾನ್ ಬ್ಯಾಗಲ್ಲಿ ಏನಿರಬೇಕು? ನೂರೈವತ್ತು ವರ್ಷದ ಲಗೇಜ್ ಕಥೆ

 

ಜಪಾನ್‌ಗೆ ಓದೋಕೆ ಹೋಗೋರು ಬ್ಯಾಗಲ್ಲಿ ಏನೇನು ಇಟ್ಕೋಬೇಕು, ಇದರ ಬಗ್ಗೆ ಒಂದು ಎಪಿಸೋಡ್ ಮಾಡಿ ಅಂತ ಸುಮಾರು ಜನ ಕೇಳಿದ್ರಿ. ಅಲ್ಲಿ ಶೈಕ್ಷಣಿಕ ವರ್ಷ ಶುರುವಾಗೋದು ಏಪ್ರಿಲ್‌ನಲ್ಲಿ. ಹಾಗಾಗಿ ಫೆಬ್ರವರಿ, ಮಾರ್ಚ್ ಬಂತು ಅಂದ್ರೆ ನಮ್ಮ ವಸಂತಪುರ, ಕೋಣನಕುಂಟೆ, ಬನಶಂಕರಿ ಕಡೆ ಒಂದೊಂದು ಮನೆ ಹಾಲಲ್ಲಿ ಎರಡು ಸೂಟ್‌ಕೇಸ್ ಬಾಯಿ ತೆಕ್ಕೊಂಡು ಬಿದ್ದಿರುತ್ತೆ. ಅಮ್ಮ ಒಂದು ಪ್ಯಾಕೆಟ್ ಒಳಗೆ ಹಾಕ್ತಾರೆ, ಮಗ ಅದನ್ನ ತೆಗೆದು ಆಚೆ ಇಡ್ತಾನೆ. ರಾತ್ರಿ ಅಮ್ಮ ಮತ್ತೆ ಒಳಗೆ ಹಾಕ್ತಾರೆ.

ನಮ್ಮದು ಇತಿಹಾಸದ ಪಾಡ್‌ಕಾಸ್ಟ್, ಹಾಗಾಗಿ ಇತಿಹಾಸದ ದಾರಿಯಲ್ಲೇ ಹೋಗೋಣ. ಯಾಕಂದ್ರೆ ಬೆಂಗಳೂರಿಗೂ ಜಪಾನ್‌ಗೂ ನಡುವೆ ಪೆಟ್ಟಿಗೆಗಳು ಓಡಾಡೋಕೆ ಶುರುವಾಗಿ ನೂರೈವತ್ತು ವರ್ಷ ದಾಟಿದೆ. ಇವತ್ತಿನ ಪ್ಯಾಕಿಂಗ್ ಲಿಸ್ಟಲ್ಲಿ "ಇದು ಬೇಡ" ಅಂತ ಬರೆದಿರೋ ಒಂದೊಂದು ಐಟಂ ಹಿಂದೆಯೂ ಒಂದು ಕಥೆ ಇದೆ.

ಮೊದಲ ಪೆಟ್ಟಿಗೆ ಇಲ್ಲಿಂದ ಹೋಗಿದ್ದಲ್ಲ, ಅಲ್ಲಿಂದ ಬಂದಿದ್ದು. ಅದರಲ್ಲಿದ್ದಿದ್ದು ಮೊಟ್ಟೆ. ರೇಷ್ಮೆ ಹುಳದ ಮೊಟ್ಟೆ.

ದಕ್ಷಿಣ ಬೆಂಗಳೂರಿನ ಹೆಸರುಗಳನ್ನ ಒಂದ್ಸಲ ನೋಡಿ. ಗ್ರೀನ್ ಲೈನ್ ಮೆಟ್ರೋದ ಕೊನೇ ಸ್ಟೇಷನ್ ರೇಷ್ಮೆ ಸಂಸ್ಥೆ, ಅಂದ್ರೆ ಸಿಲ್ಕ್ ಇನ್‌ಸ್ಟಿಟ್ಯೂಟ್. ಬಿಟಿಎಂ ದಾಟಿದ್ರೆ ಸಿಲ್ಕ್ ಬೋರ್ಡ್. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್. ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಾಗ ನಾವು ಬಯ್ಯೋ ಹೆಸರುಗಳು ಇವು. ಆದ್ರೆ ಈ ಮೂರನ್ನೂ ಒಂದು ಗೆರೆ ಎಳೆದು ಜೋಡಿಸಿದ್ರೆ ಅದು ಸೀದಾ ಜಪಾನ್‌ಗೆ ಹೋಗುತ್ತೆ.

1850, 60ರ ದಶಕದಲ್ಲಿ ಯುರೋಪಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ಅನ್ನೋ ರೋಗ ಬಂತು. ಫ್ರಾನ್ಸ್, ಇಟಲಿಯ ರೇಷ್ಮೆ ಊರುಗಳು ನೆಲ ಕಚ್ಚಿದವು. ಆಗ ರೋಗವಿಲ್ಲದ ಮೊಟ್ಟೆ ಸಿಗ್ತಿದ್ದ ಜಾಗ ಜಪಾನ್. ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿದ್ದು 1859ರಲ್ಲಿ. ಅಲ್ಲಿಂದ ಮುಂದೆ ಇಟಲಿಯ ವ್ಯಾಪಾರಿಗಳು ಅಲ್ಲಿಗೆ ಹೋಗಿ ಮೊಟ್ಟೆ ತರೋಕೆ ಶುರು ಮಾಡಿದ್ರು. ಪ್ಯಾಕಿಂಗ್ ಹೇಗಿತ್ತು ಅಂದ್ರೆ, ದಪ್ಪ ಕಾಗದದ ಕಾರ್ಡ್ ಮೇಲೆ ಚಿಟ್ಟೆಗಳನ್ನ ಬಿಡೋದು, ಅವು ಕಾರ್ಡ್ ಮೇಲೇ ಮೊಟ್ಟೆ ಇಡ್ತವೆ, ಆ ಕಾರ್ಡ್‌ಗಳನ್ನ ಜೋಡಿಸಿ ಪೆಟ್ಟಿಗೆಗೆ ಹಾಕೋದು. ದಾರಿಯಲ್ಲಿ ಶಾಖ ಜಾಸ್ತಿಯಾದ್ರೆ ಹಡಗಿನಲ್ಲೇ ಮೊಟ್ಟೆ ಒಡೆದು ಹುಳ ಆಚೆ ಬರುತ್ತೆ. ಅಲ್ಲಿ ಹಿಪ್ಪುನೇರಳೆ ಸೊಪ್ಪು ಎಲ್ಲಿಂದ ತರೋದು? ಪೂರ್ತಿ ಬಂಡವಾಳ ನೀರುಪಾಲು.

ಇದೇ ಕಾಲದಲ್ಲಿ ಮೈಸೂರು ಸೀಮೆಯ ರೇಷ್ಮೆಗೂ ರೋಗ ತಗುಲಿತ್ತು. 1866ರ ಸುಮಾರಿಗೆ ಡಿ ವೆಕ್ಕಿ ಅನ್ನೋ ಇಟಲಿಯವರೊಬ್ಬರು ನಮ್ಮ ಕೆಂಗೇರಿಯಲ್ಲಿ ರೇಷ್ಮೆ ಕೆಲಸ ಶುರು ಮಾಡಿ, ಜಪಾನಿನಿಂದ ಮೊಟ್ಟೆ ತರಿಸಿ ಇಲ್ಲಿನ ತಳಿ ಸುಧಾರಿಸೋಕೆ ನೋಡಿದ್ರು. ಕೆಂಗೇರಿ! ಇವತ್ತು ಪರ್ಪಲ್ ಲೈನ್ ಹೋಗೋ ಕೆಂಗೇರಿ. ಆ ಪ್ರಯತ್ನ ನಿಲ್ಲಲಿಲ್ಲ. ಚಳಿ ದೇಶದ ತಳಿಯನ್ನ ನಮ್ಮ ಬಿಸಿಲಲ್ಲಿ ಸಾಕೋದು ಎಷ್ಟು ಕಷ್ಟ ಅಂತ ರೇಷ್ಮೆ ಬೆಳೆಗಾರರನ್ನ ಕೇಳಿ, ಇವತ್ತಿಗೂ ಹೇಳ್ತಾರೆ. ಪೆಟ್ಟಿಗೆಯಲ್ಲಿ ಮೊಟ್ಟೆ ಬಂತು, ಹವಾಮಾನ ಬರಲಿಲ್ಲ.

ಈಗ 1893ಕ್ಕೆ ಬರೋಣ. ನನ್ನ ಪ್ರಕಾರ ಜಪಾನ್ ಲಗೇಜ್ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆ ಕಥೆ ಇಲ್ಲ.

ಆ ವರ್ಷ ಮೇ 31ಕ್ಕೆ ಸ್ವಾಮಿ ವಿವೇಕಾನಂದರು ಬೊಂಬಾಯಿಯಿಂದ ಹಡಗು ಹತ್ತಿದ್ರು. ಹೊರಟಿದ್ದು ಶಿಕಾಗೋಗೆ, ಆದ್ರೆ ದಾರಿ ಪೂರ್ವದ ಕಡೆಯಿಂದ. ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಆಮೇಲೆ ಜಪಾನ್. ಹಿಂದಿನ ವರ್ಷವಷ್ಟೇ ಅವರು ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಈ ಪ್ರಯಾಣಕ್ಕೆ ಮದ್ರಾಸಿನಲ್ಲಿ ಮನೆ ಮನೆ ಸುತ್ತಿ ಹಣ ಕೂಡಿಸಿದವರಲ್ಲಿ ಮುಂದೆ ನಿಂತವರು ಅಳಸಿಂಗ ಪೆರುಮಾಳ್. ಹುಟ್ಟಿದ್ದು ಚಿಕ್ಕಮಗಳೂರಲ್ಲಿ, ಮಂಡಯಂ ಅಯ್ಯಂಗಾರ್ ಮನೆತನ. ನಮ್ಮೂರ ಹುಡುಗ ಕ್ರೌಡ್‌ಫಂಡಿಂಗ್ ಮಾಡಿದ್ದು ಅಂತ ಹೇಳ್ಬಹುದು. ಖೇತ್ರಿಯ ರಾಜರು ರೇಷ್ಮೆ ಉಡುಪು, ಫಸ್ಟ್ ಕ್ಲಾಸ್ ಟಿಕೆಟ್ ಎಲ್ಲಾ ಕೊಡಿಸಿದ್ದರು.

ಅಲ್ಲಿವರೆಗೆ ಒಂದು ಕಮಂಡಲ, ಒಂದೆರಡು ಪುಸ್ತಕ ಹಿಡ್ಕೊಂಡು ದೇಶ ಸುತ್ತಿದ ಸನ್ಯಾಸಿಗೆ ಇದ್ದಕ್ಕಿದ್ದ ಹಾಗೆ ಟ್ರಂಕು, ಬಟ್ಟೆ, ಗಂಟುಗಳು. ಜುಲೈ 10ಕ್ಕೆ ಯೊಕೊಹಾಮಾದಿಂದ ಮದ್ರಾಸಿನ ಗೆಳೆಯರಿಗೆ ಬರೆದ ಪತ್ರದಲ್ಲಿ ಅವರು ಮೊದಲು ಗೊಣಗೋದೇ ಇದನ್ನ. ವಸ್ತುಗಳನ್ನ ಇಟ್ಕೊಂಡು ಕಾಯೋದು ನನಗೆ ಹೊಸದು, ನನ್ನ ಶಕ್ತಿಯೆಲ್ಲ ಅದಕ್ಕೇ ಹೋಗ್ತಿದೆ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಮೂರು ಬ್ಯಾಗ್ ಜೊತೆ ಸ್ಟೇಷನ್ ಮೆಟ್ಟಿಲು ಹತ್ತಿದ ಯಾವ ಸ್ಟೂಡೆಂಟ್‌ಗಾದ್ರೂ ಇದು ಅರ್ಥ ಆಗುತ್ತೆ.

ಅದೇ ಪತ್ರದಲ್ಲಿ ಜಪಾನಿನ ಶುಚಿತ್ವ, ಬೆಂಕಿಪೊಟ್ಟಣದ ಕಾರ್ಖಾನೆ, ತಮಗೆ ಬೇಕಾದ್ದನ್ನ ತಾವೇ ಮಾಡ್ಕೊಳ್ಳೋ ಅವರ ಹಟ, ಎಲ್ಲದರ ಬಗ್ಗೆ ಬೆರಗಾಗಿ ಬರೀತಾರೆ. ನಮ್ಮ ಯುವಕರು ಪ್ರತಿ ವರ್ಷ ಜಪಾನಿಗೆ ಹೋಗಿ ನೋಡಿ ಬರಬೇಕು ಅಂತಾನೂ ಹೇಳ್ತಾರೆ. ಸ್ಟಡಿ ಅಬ್ರಾಡ್ ಏಜೆನ್ಸಿಗಳು ಹುಟ್ಟೋಕೆ ನೂರು ವರ್ಷ ಮುಂಚೆ!

ಆಮೇಲೆ ಆಗಿದ್ದು ಪ್ಯಾಕಿಂಗ್ ಎಡವಟ್ಟು. ಯೊಕೊಹಾಮಾದಿಂದ 'ಎಂಪ್ರೆಸ್ ಆಫ್ ಇಂಡಿಯಾ' ಹಡಗು ಹತ್ತಿ ವ್ಯಾಂಕೂವರ್‌ಗೆ ಹೊರಟರು. ಜುಲೈ ತಿಂಗಳು, ಬೇಸಿಗೆ, ರೇಷ್ಮೆ ಉಡುಪು ಇದೆ. ಆದ್ರೆ ಹಡಗು ಹೋಗಿದ್ದು ಉತ್ತರ ಪೆಸಿಫಿಕ್ ಮೇಲೆ. ವಿಪರೀತ ಚಳಿ, ಬೆಚ್ಚನೆಯ ಬಟ್ಟೆ ಇಲ್ಲದೆ ತುಂಬಾ ಕಷ್ಟಪಟ್ಟೆ ಅಂತ ಆಗಸ್ಟಿನಲ್ಲಿ ಅಳಸಿಂಗರಿಗೆ ಬರೀತಾರೆ. ಅಷ್ಟು ಜನ ಸೇರಿ ಪ್ಯಾಕ್ ಮಾಡಿದ ಟ್ರಂಕಲ್ಲಿ ಒಂದು ಉಣ್ಣೆ ಕೋಟಿಗೆ ಜಾಗ ಇರಲಿಲ್ಲ. ಪ್ಯಾಕ್ ಮಾಡಿದವರು ತಲುಪೋ ಊರನ್ನ ಯೋಚಿಸಿದ್ದರು, ದಾರಿಯನ್ನಲ್ಲ.

ಈಗಿನ ಲೆಕ್ಕಕ್ಕೆ ತಂದ್ರೆ, ಏಪ್ರಿಲ್ ಅಂದ್ರೆ ಚೆರ್ರಿ ಹೂವು, ರೀಲ್ಸ್, ಹಿತವಾದ ಹವೆ ಅಂತ ಟೀಶರ್ಟ್ ತುಂಬ್ಕೊಂಡು ಹೋಗೋದು. ಮಾರ್ಚ್ ಕೊನೇಲಿ ಟೋಕಿಯೋದ ಬೆಳಗ್ಗೆ ನಮ್ಮ ಡಿಸೆಂಬರ್‌ಗಿಂತ ಚಳಿ. ಸಪ್ಪೊರೊ ಆದ್ರೆ ಆಗಿನ್ನೂ ಹಿಮ ಬಿದ್ದಿರುತ್ತೆ. ಒಂದು ಜಾಕೆಟ್, ಥರ್ಮಲ್ ಒಂದು ಜೊತೆ ಕೈಯಲ್ಲಿರಲಿ. ದೊಡ್ಡ ಚಳಿಗಾಲದ ಕೋಟನ್ನ ಮಾತ್ರ ಇಲ್ಲಿ ತಗೋಬೇಡಿ. ಬೆಂಗಳೂರಲ್ಲಿ ಮಾರೋ ಕೋಟು ಬೆಂಗಳೂರಿನ ಚಳಿಗೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೇದೇ ಸಿಗುತ್ತೆ. ಶೂ ಮಾತ್ರ ಉಲ್ಟಾ. ನಿಮ್ಮ ಪಾದ ದೊಡ್ಡದಾಗಿದ್ರೆ ಅಲ್ಲಿ ಅಳತೆ ಸಿಗೋದು ಕಷ್ಟ, ಇಲ್ಲಿಂದಲೇ ಒಯ್ಯಿರಿ. ಬಾಗಿಲಲ್ಲಿ ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕ್ಬೇಕು, ಹಾಗಾಗಿ ಲೇಸ್ ಇಲ್ಲದ್ದು ವಾಸಿ. ಕಾಲುಚೀಲದಲ್ಲಿ ತೂತು ಇರಬಾರದು, ಮರ್ಯಾದೆ ಪ್ರಶ್ನೆ.

ಸರಿ, ಆ 'ಎಂಪ್ರೆಸ್ ಆಫ್ ಇಂಡಿಯಾ' ಹಡಗಿನಲ್ಲಿ ಇನ್ನೊಬ್ಬ ಪ್ರಯಾಣಿಕರಿದ್ದರು. ಜೆಮ್‌ಷೆಡ್‌ಜಿ ಟಾಟಾ. ಇಬ್ಬರ ಭೇಟಿ, ಆಮೇಲೆ ಬೆಂಗಳೂರಿನ ಐಐಎಸ್‌ಸಿ, ಅದು ನಿಮಗೆ ಗೊತ್ತಿರೋ ಕಥೆ. ಟಾಟಾ ಜಪಾನಿಗೆ ಹೋಗಿದ್ದು ಮಾತ್ರ ಪಕ್ಕಾ ಬಿಸಿನೆಸ್‌ಗೆ. ಬಿಕಾಂ ಓದಿದವನಾಗಿ ಈ ಭಾಗ ಬಿಡೋಕಾಗಲ್ಲ. ನಮ್ಮ ಹತ್ತಿ, ನೂಲು ಜಪಾನಿಗೆ ಹೋಗ್ತಿದ್ದಿದ್ದು ಬ್ರಿಟಿಷರ ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ, ಅವರು ಹೇಳಿದ್ದೇ ಬಾಡಿಗೆ. ಟಾಟಾ ಹೋಗಿ ನಿಪ್ಪಾನ್ ಯೂಸೆನ್ ಕೈಶಾ ಅನ್ನೋ ಜಪಾನಿ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡ್ರು. 1893ರ ನವೆಂಬರ್‌ನಲ್ಲಿ ಬೊಂಬಾಯಿ-ಕೋಬೆ ಹಡಗು ಮಾರ್ಗ ಶುರುವಾಯ್ತು. ಪಿ ಅಂಡ್ ಒ ಬಾಡಿಗೆಯನ್ನ ಪಾತಾಳಕ್ಕೆ ಇಳಿಸಿ ಯುದ್ಧ ಮಾಡ್ತು. ಟಾಟಾ ಅವರ ಹಡಗು ಕಂಪನಿ ಮುಚ್ಚಿತು, ಆದ್ರೆ ಜಪಾನಿ ಕಂಪನಿ ಉಳೀತು, ಮಾರ್ಗವೂ ಉಳೀತು. ಏರ್‌ಲೈನ್‌ನವರು ಎಕ್ಸ್‌ಟ್ರಾ ಕಿಲೋಗೆ ಕೇಳೋ ದುಡ್ಡು ನೋಡಿ ಹೊಟ್ಟೆ ಉರಿದಾಗ ಇದು ನೆನಪಾಗ್ಲಿ, ಜಪಾನ್ ಲಗೇಜ್ ರೇಟಿನ ಜಗಳ ಹೊಸದಲ್ಲ.

ಟಾಟಾ ಅಲ್ಲಿ ರೇಷ್ಮೆಯನ್ನೂ ನೋಡಿದ್ದರು. ಕೆಲವೇ ವರ್ಷದಲ್ಲಿ, 1890ರ ದಶಕದ ಕೊನೆಗೆ, ಬೆಂಗಳೂರಲ್ಲಿ ಟಾಟಾ ರೇಷ್ಮೆ ಫಾರ್ಮ್ ಎದ್ದು ನಿಂತಿತು. ಮೈಸೂರು ಸರ್ಕಾರ ಜಾಗ ಕೊಟ್ಟು, ವರ್ಷಕ್ಕಿಷ್ಟು ಅಂತ ಸಹಾಯಧನವನ್ನೂ ಕೊಡ್ತು. ಕೆಲಸ ಕಲಿಸೋಕೆ ಜಪಾನಿನಿಂದ ಓಡ್ಜು ಅನ್ನೋ ತಜ್ಞ ದಂಪತಿ ಬಂದರು. ಮೈಕ್ರೋಸ್ಕೋಪ್ ಇಟ್ಟು ಚಿಟ್ಟೆಯಲ್ಲಿ ರೋಗ ಇದೆಯಾ ನೋಡಿ, ಇಲ್ಲದ್ದರ ಮೊಟ್ಟೆ ಮಾತ್ರ ಇಟ್ಕೊಳ್ಳೋದು, ಹುಳ ಸಾಕೋದು, ನೂಲು ತೆಗೆಯೋದು, ಇವನ್ನೆಲ್ಲ ಇಲ್ಲಿನ ಹುಡುಗರಿಗೆ ಹೇಳಿಕೊಟ್ಟರು. ಕೆಂಗೇರಿಗೆ ಮೊಟ್ಟೆ ಮಾತ್ರ ಬಂದಿತ್ತು, ಬಸವನಗುಡಿಗೆ ಮೊಟ್ಟೆ ಸಾಕಬಲ್ಲವರು ಬಂದರು. ವ್ಯತ್ಯಾಸ ಅಲ್ಲೇ ಇದೆ. ಆಮೇಲೆ ಫಾರ್ಮ್ ಸಾಲ್ವೇಷನ್ ಆರ್ಮಿಯ ಕೈಗೆ ಹೋಯ್ತು, ಈಗ ಉಳಿದಿರೋದು ಏರಿಯಾದ ಹೆಸರು.

ಅಂದಹಾಗೆ ಜಪಾನಿನವರು ಹೊಸ ಥರದ ನೂಲು ತೆಗೆಯೋದನ್ನ ಕಲಿತಿದ್ದೂ ಹೊರಗಿನವರಿಂದಲೇ. 1872ರಲ್ಲಿ ತೊಮಿಯೊಕಾ ಅನ್ನೋ ಊರಲ್ಲಿ ಸರ್ಕಾರ ರೇಷ್ಮೆ ಕಾರ್ಖಾನೆ ಕಟ್ಟಿಸಿ ಫ್ರಾನ್ಸಿನವರನ್ನ ಕರೆಸಿತು. ಶುರುವಿನಲ್ಲಿ ಕೆಲಸಕ್ಕೆ ಹೆಣ್ಣುಮಕ್ಕಳೇ ಬರಲಿಲ್ಲ. ಯಾಕಂದ್ರೆ ಆ ಬಿಳಿಯರು ಕುಡಿಯೋ ಕೆಂಪು ವೈನ್ ಮನುಷ್ಯರ ರಕ್ತ ಅಂತ ಸುದ್ದಿ ಹಬ್ಬಿತ್ತು! ಆಗ ವಾಟ್ಸಾಪ್ ಕೂಡ ಇರಲಿಲ್ಲ. ಕೊನೆಗೆ ಬಂದು ಕಲಿತ ಹುಡುಗಿಯರು ಊರೂರಿಗೆ ಹೋಗಿ ಬೇರೆಯವರಿಗೆ ಕಲಿಸಿದರು.

1898ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಜಪಾನಿಗೆ ಹೋದರು. ಆಗ ಅವರು ಬೊಂಬಾಯಿ ಸರ್ಕಾರದ ಎಂಜಿನಿಯರ್, ರಜೆ ಹಾಕಿ ಹೋಗಿದ್ದು, ಸುಮಾರು ಮೂರು ತಿಂಗಳು. ಶಾಲೆ, ಕೈಗಾರಿಕೆ ಎಲ್ಲಾ ನೋಡಿ ಬಂದರು. ಮುಂದೆ ದಿವಾನರಾಗಿ ಮೈಸೂರಲ್ಲಿ ಮಾಡಿದ ಎಷ್ಟೋ ಕೆಲಸಗಳ ಹಿಂದೆ ಈ ಪ್ರವಾಸದ ನೆರಳಿದೆ. ಅವರ ಬಗ್ಗೆ ಬೇರೆ ಎಪಿಸೋಡೇ ಬೇಕು, ಇಲ್ಲಿಗೆ ಬಿಡ್ತೀನಿ.

ಈಗ ಮಿಕ್ಸಿ ವಿಷಯ. ನಗಬೇಡಿ, ಎಲ್ಲರೂ ಕೇಳೋದು ಇದನ್ನೇ.

ಮಿಕ್ಸಿ ಒಯ್ಯಬೇಡಿ. ನಮ್ಮ ಮನೆ ಕರೆಂಟು 230 ವೋಲ್ಟ್, ಜಪಾನಿನದು 100. ನಮ್ಮ ಮಿಕ್ಸಿ ಅಲ್ಲಿ ಚಟ್ನಿ ರುಬ್ಬಲ್ಲ, ನರಳುತ್ತೆ ಅಷ್ಟೇ. ಇಲ್ಲಿನ ಕೆಟಲ್, ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಎಲ್ಲಾ ಇದೇ ಪಾಡು. ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100-240 ಅಂತ ಬರೆದಿದ್ರೆ ಯೋಚನೆ ಇಲ್ಲ, ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು. ಆದ್ರೆ ಇತಿಹಾಸ ಇನ್ನೂ ಮಜವಾಗಿದೆ. 1895ರಲ್ಲಿ ಟೋಕಿಯೋದ ಕರೆಂಟ್ ಕಂಪನಿ ಜರ್ಮನಿಯಿಂದ ಜನರೇಟರ್ ತರಿಸಿತು, ಅದು 50 ಹರ್ಟ್ಸ್. ಸ್ವಲ್ಪದರಲ್ಲೇ ಒಸಾಕದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ತರಿಸಿದರು, ಅದು 60 ಹರ್ಟ್ಸ್. ಯಾರೂ ಕೂತು ಮಾತಾಡಲಿಲ್ಲ. ಇವತ್ತಿಗೂ ಜಪಾನಿನ ಪೂರ್ವ ಭಾಗ 50, ಪಶ್ಚಿಮ ಭಾಗ 60. 2011ರ ಭೂಕಂಪ, ಸುನಾಮಿ ಆದಾಗ ಟೋಕಿಯೋ ಕಡೆ ಕರೆಂಟಿಲ್ಲದೆ ಪರದಾಡ್ತಿದ್ರೆ, ಪಶ್ಚಿಮದಲ್ಲಿದ್ದ ಕರೆಂಟನ್ನ ಬೇಕಾದಷ್ಟು ಈ ಕಡೆ ಕಳಿಸೋಕಾಗಲಿಲ್ಲ. ನೂರು ಚಿಲ್ಲರೆ ವರ್ಷದ ಹಿಂದಿನ ಎರಡು ಪರ್ಚೇಸ್ ಆರ್ಡರ್! ನಮ್ಮ ಬೆಂಗಳೂರಿಗೆ ಶಿವನಸಮುದ್ರದ ಕರೆಂಟ್ ಬಂದಿದ್ದು 1905ರಲ್ಲಿ, ಈ ತಾಪತ್ರಯ ನಮಗೆ ತಗುಲಲಿಲ್ಲ.

ಕುಕ್ಕರ್ ಒಯ್ಯೋದಾದ್ರೆ ಮೊದಲು ಹಾಸ್ಟೆಲ್ ಒಲೆ ಯಾವುದು ಕೇಳಿ. ಇಂಡಕ್ಷನ್ ಆಗಿದ್ರೆ ಅಲ್ಯೂಮಿನಿಯಂ ಕುಕ್ಕರ್ ಬರೀ ತೂಕ. ತಳ ನೋಡಿ ತಗೊಳ್ಳಿ.

ಇನ್ನು ನಿಜವಾಗ್ಲೂ ತಲೆ ಕೆಡಿಸಿಕೊಳ್ಳಬೇಕಾದ್ದು ಮಾತ್ರೆ. ಇಲ್ಲಿ ತಪ್ಪಾದ್ರೆ ಡಸ್ಟ್‌ಬಿನ್‌ಗೆ ಹಾಕಿ ಸುಮ್ನಾಗೋ ವಿಷಯ ಅಲ್ಲ, ಪೊಲೀಸ್ ಕೇಸ್ ಆಗಬಹುದು.

ನಗಾಯಿ ನಗಾಯೊಶಿ ಅಂತ ಒಬ್ಬ ಜಪಾನಿ ರಸಾಯನ ವಿಜ್ಞಾನಿ. 1885ರಲ್ಲಿ ಒಂದು ಗಿಡಮೂಲಿಕೆಯಿಂದ ಎಫೆಡ್ರಿನ್ ಬೇರ್ಪಡಿಸಿದರು. ಅದರಿಂದ 1893ರಲ್ಲಿ, ಹೌದು, ವಿವೇಕಾನಂದರು ಅಲ್ಲಿದ್ದ ಅದೇ ವರ್ಷ, ಮೆಥಾಂಫೆಟಮಿನ್ ತಯಾರಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಫಿಲೊಪೊನ್ ಅನ್ನೋ ಹೆಸರಲ್ಲಿ ಅಂಗಡಿಯಲ್ಲಿ ಸಿಗ್ತಿತ್ತು. ನಿದ್ದೆಗೆಟ್ಟು ಕೆಲಸ ಮಾಡೋಕೆ ಸೈನಿಕರು, ಕಾರ್ಮಿಕರು ನುಂಗ್ತಿದ್ರು. ಯುದ್ಧ ಮುಗಿದ ಮೇಲೆ ದಾಸ್ತಾನೆಲ್ಲ ಪೇಟೆಗೆ ಬಂತು, ದೊಡ್ಡ ಚಟವಾಗಿ ಹಬ್ಬಿತು. 1951ರಲ್ಲಿ ಸರ್ಕಾರ ಉತ್ತೇಜಕಗಳ ನಿಯಂತ್ರಣಕ್ಕೆ ಬಿಗಿಯಾದ ಕಾನೂನು ತಂತು. ಆ ಗಾಯದ ನೆನಪು ಇನ್ನೂ ಇದೆ. ಹಾಗಾಗಿಯೇ ನಮ್ಮಲ್ಲಿ ನೆಗಡಿಗೆ ಅಂತ ಕೊಡೋ ಕೆಲವು ಮಾತ್ರೆಗಳಲ್ಲಿರೋ ಸೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇದ್ರೆ ಅಲ್ಲಿ ನಿಷಿದ್ಧ. ಕೊಡೀನ್ ಇರೋ ಕೆಮ್ಮಿನ ಸಿರಪ್‌ಗೂ ಕಟ್ಟುನಿಟ್ಟು. ಎಡಿಎಚ್‌ಡಿಗೆ ಮಾತ್ರೆ ತಗೊಳ್ಳೋರಿಗೆ ಆಂಫೆಟಮಿನ್ ಇರೋದು ಪೂರ್ತಿ ನಿಷೇಧ, ಡಾಕ್ಟರ್ ಚೀಟಿ ತೋರಿಸಿದ್ರೂ ನಡೆಯಲ್ಲ.

ಅಂಗಡಿಯವರು ಕೊಟ್ಟ ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿ. ಬ್ರ್ಯಾಂಡ್ ಹೆಸರಲ್ಲ, ಒಳಗಿರೋ ಔಷಧದ ಹೆಸರು. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಅದಕ್ಕಿಂತ ಜಾಸ್ತಿ ಬೇಕಿದ್ರೆ 'ಯುನ್ಯು ಕಕುನಿನ್‌ಶೊ' ಅನ್ನೋ ಆಮದು ದೃಢೀಕರಣ ಪತ್ರವನ್ನ ಹೊರಡೋ ಮುಂಚೆಯೇ ತರಿಸ್ಕೋಬೇಕು. ಥೈರಾಯ್ಡ್, ಶುಗರ್, ಫಿಟ್ಸ್ ಮಾತ್ರೆ ದಿನಾ ತಗೊಳ್ಳೋರು ಇದಕ್ಕೆ ಬಟ್ಟೆ ಬ್ಯಾಗಿಗಿಂತ ಮುಂಚೆ ಟೈಮ್ ಕೊಡಿ. ಡಾಕ್ಟರ್ ಚೀಟಿ ಇಂಗ್ಲಿಷಲ್ಲಿ, ಓದೋಕೆ ಬರೋ ಅಕ್ಷರದಲ್ಲಿ ಇರಲಿ.

ಆಮೇಲೆ ಕರಿಬೇವು. ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು, ತರಕಾರಿ, ಬೀಜ, ಯಾವುದನ್ನೂ ಬ್ಯಾಗಿಗೆ ಹಾಕ್ಬೇಡಿ. ಗಿಡಕ್ಕೆ ಸಂಬಂಧಿಸಿದ್ದಕ್ಕೆ ನಮ್ಮ ಸರ್ಕಾರದ ಸಸ್ಯ ತಪಾಸಣೆ ಪ್ರಮಾಣಪತ್ರ ಕೇಳ್ತಾರೆ. ಕರಿಬೇವು ನಿಂಬೆ, ಕಿತ್ತಳೆ ಕುಟುಂಬದ ಗಿಡ. ಕಿತ್ತಳೆ ತೋಟ ಹಾಳು ಮಾಡೋ ಗ್ರೀನಿಂಗ್ ರೋಗ ಹರಡೋ ಕೀಟಕ್ಕೆ ಕರಿಬೇವು ಅಂದ್ರೆ ಇಷ್ಟ. ಹುಳಕ್ಕೆ ರೋಗ ಬಂದ್ರೆ ಏನಾಗುತ್ತೆ ಅಂತ ಕೆಂಗೇರಿಯಲ್ಲಿ, ಇಟಲಿಯಲ್ಲಿ ನೋಡಿದ್ವಲ್ಲ, ಅವರು ಹೆದರೋದರಲ್ಲಿ ಅರ್ಥ ಇದೆ. ಮಾಂಸದ ಉಪ್ಪಿನಕಾಯಿ ಕೂಡ ಬೇಡ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಒಯ್ಯಿರಿ. ಬೇಳೆ, ಗೋಧಿ ಹಿಟ್ಟಿಗೆ ಕಿಲೋಗಟ್ಟಲೆ ಜಾಗ ಕೊಡಬೇಡಿ. ಟೋಕಿಯೋದ ನಿಶಿ ಕಸಾಯಿ, ಶಿನ್ ಓಕುಬೊ ಕಡೆ ಅಂಗಡಿಗಳಲ್ಲಿ ಸಿಗುತ್ತೆ. ಮನೆಯಲ್ಲಿ ಹುರಿದು ಕುಟ್ಟಿದ ಪುಡಿ ಸಿಗಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ತರಕಾರಿ ಸೂಪ್ ಅಂದ್ರೂ ಅದರ ತಳದಲ್ಲಿ 'ದಾಶಿ' ಇರುತ್ತೆ, ಹೆಚ್ಚಾಗಿ ಒಣಮೀನಿನದ್ದು. ಮೊದಲ ವಾರ ಅಡುಗೆಮನೆ ಸರಿಹೋಗೋವರೆಗೆ ಅವಲಕ್ಕಿ, ಹುರಿಟ್ಟು, ರೆಡಿ ಉಪ್ಪಿಟ್ಟು ಕಾಪಾಡುತ್ತೆ. ಪಕ್ಕದ ತಿರುವಾಂಕೂರಿನಿಂದ 1928ರಲ್ಲಿ ಎ. ಎಂ. ನಾಯರ್ ಅನ್ನೋ ಹುಡುಗ ಕ್ಯೋಟೋಗೆ ಎಂಜಿನಿಯರಿಂಗ್ ಓದೋಕೆ ಹೋದರು. ಸ್ವಾತಂತ್ರ್ಯ ಹೋರಾಟಕ್ಕಿಳಿದು ಅಲ್ಲೇ ಉಳಿದರು. ಕೊನೆಗೆ 1949ರಲ್ಲಿ ಟೋಕಿಯೋದ ಗಿಂಝಾದಲ್ಲಿ ಹೋಟೆಲ್ ತೆಗೆದು ಜಪಾನಿನವರಿಗೆ ನಮ್ಮ ಕರಿ ತಿನ್ನಿಸಿದರು. ಓದಿದ ಎಂಜಿನಿಯರಿಂಗಿಗಿಂತ ನಾಲಿಗೆ ಮೇಲಿದ್ದ ರುಚಿ ಹೆಚ್ಚು ದಿನ ಅನ್ನ ಹಾಕಿತು.

ಕಾಗದ ಪತ್ರ ಬೇಗ ಹೇಳ್ಬಿಡ್ತೀನಿ. ಪಾಸ್‌ಪೋರ್ಟ್, ಸಿಒಇ, ಅಡ್ಮಿಷನ್ ಪತ್ರ, ಒರಿಜಿನಲ್ ಮಾರ್ಕ್ಸ್ ಕಾರ್ಡ್, ಎಲ್ಲಾ ಕ್ಯಾಬಿನ್ ಬ್ಯಾಗಲ್ಲಿ. ನರಿಟಾದಂಥ ದೊಡ್ಡ ಏರ್‌ಪೋರ್ಟಲ್ಲಿ ರೆಸಿಡೆನ್ಸ್ ಕಾರ್ಡ್ ಅಲ್ಲೇ ಕೊಡ್ತಾರೆ. ವಾರಕ್ಕೆ 28 ಗಂಟೆ ಪಾರ್ಟ್ ಟೈಮ್ ಕೆಲಸದ ಅನುಮತಿಗೂ ಅಲ್ಲೇ ಅರ್ಜಿ ಹಾಕಬಹುದು. ಮನೆ ಸಿಕ್ಕ 14 ದಿನದೊಳಗೆ ವಾರ್ಡ್ ಆಫೀಸಲ್ಲಿ ವಿಳಾಸ ನೋಂದಾಯಿಸಬೇಕು. ನಮ್ಮ ಕನ್ನಡದ ಹೆಸರುಗಳಲ್ಲಿ ಊರು, ಅಪ್ಪ, ತಾತ ಎಲ್ಲಾ ಇನಿಷಿಯಲ್ ಆಗಿ ಕೂತಿರ್ತಾರಲ್ಲ, ಕಾರ್ಡಲ್ಲಿ ಬರೋದು ಪಾಸ್‌ಪೋರ್ಟಲ್ಲಿ ಇದ್ದ ಹಾಗೆ. ಬ್ಯಾಂಕು, ಕಾಲೇಜು, ಫೋನು ಎಲ್ಲಾ ಕಡೆ ಅದೇ ಸ್ಪೆಲ್ಲಿಂಗ್ ಇರಲಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಅಲ್ಲಿನ ಡೆಪಾಸಿಟ್ ದೊಡ್ಡದಲ್ಲ. ಆದ್ರೆ 'ರೆಕಿನ್' ಅಂತ ಒಂದು ಇದೆ, ಓನರ್‌ಗೆ ಥ್ಯಾಂಕ್ಸ್ ಹೇಳೋ ದುಡ್ಡು, ವಾಪಸ್ ಬರಲ್ಲ. ಬಜೆಟಲ್ಲಿ ಅದನ್ನ ಖರ್ಚು ಅಂತ ಬರೀರಿ, ಡೆಪಾಸಿಟ್ ಅಂತ ಅಲ್ಲ. ಮೊದಲ ತಿಂಗಳಿಗೆ ಸ್ವಲ್ಪ ಯೆನ್ ನೋಟು ಕೈಯಲ್ಲಿರಲಿ.

ಕೊನೆಗೆ ಆ ಮೊಟ್ಟೆ ಕಥೆ ಏನಾಯ್ತು ಹೇಳ್ಬೇಕು. ಜಪಾನಿನ ತಳಿ ನಮ್ಮ ಹವೆಗೆ ಒಗ್ಗಲ್ಲ ಅನ್ನೋ ಸಮಸ್ಯೆ ಕೆಂಗೇರಿ ಕಾಲದಿಂದ ಹಾಗೇ ಇತ್ತು. 1991ರಲ್ಲಿ ಜಪಾನಿನ ಜೈಕಾ ಸಂಸ್ಥೆ ಮತ್ತು ಕೇಂದ್ರ ರೇಷ್ಮೆ ಮಂಡಳಿ, ಅಂದ್ರೆ ನಮ್ಮ ಸಿಲ್ಕ್ ಬೋರ್ಡ್, ಸೇರಿ ಒಂದು ಯೋಜನೆ ಶುರು ಮಾಡಿದವು. ಜಪಾನಿ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಗೆ ಬಂದರು, ನಮ್ಮ ವಿಜ್ಞಾನಿಗಳು ತರಬೇತಿಗೆ ಅಲ್ಲಿಗೆ ಹೋದರು. ನಮ್ಮ ಬಿಸಿಲಿಗೆ ತಡೆಯೋ ಸಿಎಸ್‌ಆರ್ ದ್ವಿತಳಿಗಳು ಅಲ್ಲಿಂದ ಹೊರಬಂದವು, ರೈತರ ಮನೆ ತಲುಪಿದವು. ಇವತ್ತು ಚೀನಾ ಬಿಟ್ರೆ ಜಗತ್ತಲ್ಲಿ ಹೆಚ್ಚು ರೇಷ್ಮೆ ಬೆಳೆಯೋದು ಭಾರತ, ಅದರಲ್ಲಿ ಮುಂದಿರೋದು ಕರ್ನಾಟಕ. ಜಪಾನಿನಲ್ಲಿ ರೇಷ್ಮೆ ಬೆಳೆಯೋ ಮನೆಗಳು ಬೆರಳೆಣಿಕೆಗೆ ಬಂದಿವೆ. ತೊಮಿಯೊಕಾ ಕಾರ್ಖಾನೆ 1987ರಲ್ಲಿ ಬಾಗಿಲು ಹಾಕಿತು, 2014ರಿಂದ ಅದು ವಿಶ್ವ ಪರಂಪರೆಯ ತಾಣ. ಟೋಕಿಯೋದಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಹೋದವರು ಫೋಟೋ ಕಳಿಸಿ.

ಮಾತ್ರೆ ಬಗ್ಗೆ ಡೌಟ್ ಇದ್ರೆ ನನ್ನ ಕೇಳಬೇಡಿ, ಬೆಂಗಳೂರಲ್ಲೇ ಜಪಾನ್ ಕಾನ್ಸುಲೇಟ್ ಇದೆ, ಅಲ್ಲಿ ಕೇಳಿ. ಮುಂದಿನ ವಾರ ಸಿಗೋಣ.